ಆಕಾಶದಿಂದ ಬಂದವನಿಗೂ ಒಂದು ಚೊಂಬು ನೀರು

ಸಿನಿಮಾ ತೆಗೆದವರು ನೋಡಿದವರ ಅಭಿಪ್ರಾಯ ಕೇಳಬಾರದು ಎಂದು ಬಲ್ಲವರು ಹೇಳುತ್ತಾರೆ. ಕೇಳದಿದ್ದರೂ ಹೇಳುವ ಊರಿನಲ್ಲಿ ಹುಟ್ಟಿದವರು ಏನು ಮಾಡಬೇಕೆಂದು ಮಾತ್ರ ಅವರು ಹೇಳಿಲ್ಲ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಊರು ಸಿಗುತ್ತದೆ. ಅಲ್ಲಿ ಅಭಿಪ್ರಾಯ ಬೆಳೆಯಲು ಮಳೆ ಬೇಕಾಗಿಲ್ಲ. ಯಾರಾದರೂ ಹೊಸ ಬಾಗಿಲು ಕೂಡಿಸಿದರೆ ಅದು ಎಡಕ್ಕೆ ವಾಲಿದೆ ಎನ್ನುತ್ತಾರೆ. ವಾಲಿಲ್ಲವೆಂದು ಗಾರೆಯವನು ತೂಕದ ಗುಂಡು ಇಳಿಬಿಟ್ಟು ತೋರಿಸಿದರೆ, ಹಾಗಾದರೆ ಮನೆಯೇ ಬಲಕ್ಕೆ ವಾಲಿದೆ ಎನ್ನುತ್ತಾರೆ. ಇಂಥ ಊರಿನಲ್ಲಿ ನಾನು ಒಂದು ವೈಜ್ಞಾನಿಕ ಸಿನಿಮಾ ಮಾಡಿದೆ. ಸಂಕೋಚವಿಲ್ಲದೆ ಹೇಳುತ್ತೇನೆ, ಮಾಡಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಸುತ್ತಿ ಬನ್ನಿ. ಕುರಿ ಹಟ್ಟಿಯ ಮುಂದೆ ಆಕಾಶನೌಕೆ ಇಳಿಸಿದವನು ಇನ್ನೊಬ್ಬ ಸಿಕ್ಕರೆ ನನಗೆ ತಿಳಿಸಿ. ನಾನೇ ಹೋಗಿ ಕೈ ಕುಲುಕಿ ಬರುತ್ತೇನೆ.

ಸ್ವಲ್ಪ ವಿನಯವಿರಲಿ ಎಂದು ನೀವು ಅಂದುಕೊಳ್ಳಬಹುದು. ವಿನಯ ಎಂಬುದು ಅಜ್ಜನೂ ಪದವೀಧರನಾಗಿದ್ದವರಿಗೆ ಒಪ್ಪುವ ಒಡವೆ. ನಮ್ಮ ಅಜ್ಜ ಕುರಿ ಕಾಯ್ದ, ಅಪ್ಪ ಕುರಿ ಕಾಯ್ದ. ನಾನೂ ರಜೆಯಲ್ಲಿ ಕುರಿಯ ಹಿಂದೆ ನಡೆಯುತ್ತ ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಮಾಡಿ, ಮೊದಲ ನಿಯಮಕ್ಕೆ ಟಗರು ಹೇಗೆ ಒಪ್ಪುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡು, ಬಿ.ಎಸ್ಸಿ. ಮುಗಿಸಿದವನು. ಫಿಸಿಕ್ಸ್ ಪೇಪರು ಮೊದಲ ಸಲ ಕೈಕೊಟ್ಟಿತು. ಎರಡನೇ ಸಲ ಪಾಸಾದಾಗ ನಮ್ಮ ಅವ್ವ ಹಾಲವ್ವ ಓಣಿಗೆಲ್ಲ ಸಕ್ಕರೆ ಹಂಚಿ, "ಬ್ಯಾರೇರ ಮಕ್ಕಳು ಒಂದ ಸಲ ಬರದು ಸುಮ್ಮನಾಗ್ತಾರ. ನನ್ನ ಮಗ ಎರಡು ಸಲ ಬರದಾನ" ಎಂದು ಹೇಳಿಕೊಂಡು ಬಂದಳು. ನಾನು ತಿದ್ದಲು ಹೋಗಲಿಲ್ಲ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗೌನು ತೊಟ್ಟು ತೆಗೆಸಿಕೊಂಡ ನನ್ನ ಫೋಟೋ ಪಡಸಾಲೆಯಲ್ಲಿ ಊರದೇವತೆ ದುರುಗವ್ವನ ಫೋಟೋದ ಪಕ್ಕಕ್ಕೇ ಇದೆ. ಇಬ್ಬರಿಗೂ ಒಂದೇ ಊದುಬತ್ತಿ.

ಸಿನಿಮಾದ ಹೆಸರು 'ಬಾನಿಂದ ಬಂದ ಅತಿಥಿ'. ದೂರದ ಗ್ರಹದವನೊಬ್ಬ ನಮ್ಮೂರ ಹೊಲಕ್ಕೆ ಇಳಿಯುತ್ತಾನೆ. ಅವನನ್ನು ಮೊದಲು ನೋಡುವವಳು ಕುರಿ ಹಟ್ಟಿಯ ಒಬ್ಬ ಹೆಂಗಸು. ಆಮೇಲೆ ಒಬ್ಬ ವಿಜ್ಞಾನಿ ಬಂದು ಅವನಿಗೆ ಪ್ರಶ್ನೆ ಕೇಳುತ್ತಾನೆ. ವಿಜ್ಞಾನಿಯ ಪಾತ್ರ ನನ್ನದು. ಅಷ್ಟು ತೂಕದ ಮಾತುಗಳನ್ನು ಬೇರೆಯವರ ಬಾಯಿಗೆ ಕೊಡಲು ಧೈರ್ಯವಾಗಲಿಲ್ಲ. ಕ್ಯಾಮೆರಾ ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಗೆಳೆಯ ಕೊಟ್ರೇಶನದು. ಅವನು ಮದುವೆ ವಿಡಿಯೋ ತೆಗೆದು ಪಳಗಿದವನಾದ್ದರಿಂದ ಆಕಾಶನೌಕೆಯ ಮೇಲೂ ಎಲ್ಲಿಂದಲೋ ಗುಲಾಬಿ ಪಕಳೆ ಉದುರುವಂತೆ ಮಾಡಿದ್ದ. ಅದನ್ನು ತೆಗೆಸಲು ಒಂದು ದಿನ ಜಗಳವಾಡಬೇಕಾಯಿತು. ಅನ್ಯಗ್ರಹದವನು ನಮ್ಮೂರ ಟೇಲರ್ ಹನುಮಂತ. ಬಟ್ಟೆ ತಾನೇ ಹೊಲಿದುಕೊಳ್ಳುತ್ತಾನೆ ಎಂಬುದು ಅವನನ್ನು ಆರಿಸಲು ಮುಖ್ಯ ಕಾರಣ. ನೌಕೆ ಎಂದರೆ ನಮ್ಮ ಮಾಳಿಗೆಯ ಮೇಲೆ ಒಡೆದು ಬಿದ್ದಿದ್ದ ನೀರಿನ ಟ್ಯಾಂಕು. ಅದಕ್ಕೆ ಬೆಳ್ಳಿ ಬಣ್ಣ ಬಳಿದೆವು. ಹನುಮಂತನ ತಲೆಗೆ ಹಾಕಿದ ಶಿರಸ್ತ್ರಾಣ ಕುಡಿಯುವ ನೀರಿನ ಕ್ಯಾನು. ಅದರ ತಳ ಕೊಯ್ದೆವು. ಇಷ್ಟರ ಮೇಲೆ ಬಜೆಟ್ಟಿನ ವಿಚಾರ ನೀವು ಕೇಳಲಾರಿರಿ ಎಂದು ನಂಬಿದ್ದೇನೆ.

ಹಟ್ಟಿಯ ಹೆಂಗಸಿನ ಪಾತ್ರಕ್ಕೆ ಅವ್ವ. ಅವಳಿಗೆ ನಟನೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ, ಒಂದೇ ಒಂದು ತೊಂದರೆಯನ್ನು ಬಿಟ್ಟು. ಹನುಮಂತ ಟ್ಯಾಂಕಿನಿಂದ ಹೊರಬಂದು ಕೈ ಎತ್ತಿದ ಕೂಡಲೇ ಅವಳು ತಿರುಗಿ ನೀರು ತುಂಬಿದ ಮಣ್ಣಿನ ಹರವಿಯ ಕಡೆ ಹೋಗುತ್ತಿದ್ದಳು. ಮೊದಲ ಸಲ ಕಟ್ ಎಂದೆ. ಎರಡನೇ ಸಲ ಚೊಂಬು ತುಂಬಿಯೇ ಬಿಟ್ಟಿದ್ದಳು.

"ಯವ್ವಾ, ನೀ ಅವನ್ನ ನೋಡಿ ಬೆರಗಾಗಿ ನಿಂದ್ರಬೇಕು. ಅಷ್ಟ."

"ನಿಂದ್ರತೀನಪ್ಪ. ನೀರು ಕೊಟ್ಟು ನಿಂದ್ರತೀನಿ. ಬಿಸಲಾಗ ಬಂದಾನ."

"ಅವ ನಮ್ಮ ಗಾಳಿ ಕುಡಿಯಂಗಿಲ್ಲ, ನಮ್ಮ ನೀರು ಕುಡಿಯಂಗಿಲ್ಲ. ತಲಿ ಮ್ಯಾಲಿಂದು ತಗದ್ರ ಸಾಯ್ತಾನ. ಇದು ಸೈನ್ಸ್."

ಕ್ಯಾನಿನ ಒಳಗಿಂದ ಹನುಮಂತ, "ಇದನ್ನ ತಗೀದಿದ್ರೂ ಸಾಯ್ತೀನಿ ಮೇಷ್ಟ್ರ" ಎಂದ. ಅದನ್ನು ನಾವು ಅನ್ಯಗ್ರಹದ ಭಾಷೆ ಎಂದು ಇಟ್ಟುಕೊಂಡೆವು. ಒಳಗಿನ ಮಾತು ಹೇಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ ಚೊಂಬನ್ನೇ ಬಚ್ಚಿಟ್ಟೆ. ಓದಿದ ಮಗ ಹೇಳುತ್ತಾನೆ ಎಂದು ಅವ್ವ ಕೈಕಟ್ಟಿ ನಿಂತಳು. ನಾನು ಬಂದು ಅವನು ಯಾವ ಗ್ರಹದವನು, ಯಾವ ಇಂಧನ, ಎಷ್ಟು ವೇಗ ಎಂದು ಕೇಳಬೇಕಾದ್ದನ್ನೆಲ್ಲ ಕೇಳಿದೆ. ದೃಶ್ಯ ಉದ್ದವಾಗಿಯೇ ಬಂತು. ವಿಜ್ಞಾನವನ್ನು ಅರ್ಧಕ್ಕೆ ಬಿಡಲು ಆಗುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ದುರುಗವ್ವನ ಗುಡಿಯ ಮುಂದೆ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ಮೊದಲ ಪ್ರದರ್ಶನ ಇಟ್ಟೆವು. ಊರಿಗೆ ಊರೇ ಸೇರಿತ್ತು. ಎದೆ ಉಬ್ಬಿಸಿಕೊಂಡು ಒಂದು ಬದಿಗೆ ನಿಂತಿದ್ದೆ. ಟ್ಯಾಂಕು ಹೊಗೆಯ ನಡುವೆ ಇಳಿದಾಗ ಯಾರೂ ನಗಲಿಲ್ಲ. ಹನುಮಂತ ಹೊರಬಂದಾಗಲೂ ನಗಲಿಲ್ಲ. ಇಷ್ಟು ಶ್ರದ್ಧೆಯ ಪ್ರೇಕ್ಷಕರು ಯಾವ ಪಟ್ಟಣದಲ್ಲಿ ಸಿಕ್ಕಾರು ಎಂದುಕೊಂಡೆ. ನನ್ನ ಪ್ರಶ್ನೆಗಳು ಶುರುವಾದಾಗ ಗುಸುಗುಸು ಎದ್ದಿತು. ಮುಗಿದ ಮೇಲೆ ಚಪ್ಪಾಳೆ ಇಲ್ಲ. ಎಲ್ಲರೂ ಕಟ್ಟೆಯ ಮೇಲೆ ಕುಳಿತಿದ್ದ ಸಿದ್ದಪ್ಪಜ್ಜನ ಕಡೆ ನೋಡಿದರು. ಊರಿನಲ್ಲಿ ಮೊದಲ ಅಭಿಪ್ರಾಯ ಅವರದೇ. ಉಳಿದವರದು ಅದಕ್ಕೆ ಒಗ್ಗರಣೆ.

"ತಮ್ಮಾ" ಎಂದರು ಅಜ್ಜ, "ಅವ ನೀರಿನ ಟ್ಯಾಂಕಿನಾಗ ಬಂದಾನ. ಟ್ಯಾಂಕು ಖಾಲಿ ಐತಿ. ತಲಿ ಮ್ಯಾಲೆ ನೀರಿನ ಕ್ಯಾನ್ ಐತಿ. ಅದೂ ಖಾಲಿ ಐತಿ. ಅಂದಮ್ಯಾಲೆ ಅವ ಯಾತಕ್ಕ ಬಂದಾನ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು. "ನೀರಿಗೆ ಬಂದಾನ. ಬಾಯಿಬಿಟ್ಟು ಕೇಳಾಕ ನಾಚಿಕಿ, ಹೊಸಬ. ನೀನೋ ಒಂದ ಸವನೆ ಯಾವೂರು, ಯಾವೂರು ಅಂತೀದಿ. ಹಾಲವ್ವ ಕೈಕಟ್ಟಿ ನಿಂತಾಳ. ಮ್ಯಾಲೆ ಹೆಸರು ಅತಿಥಿ ಅಂತ ಬ್ಯಾರೆ ಇಟ್ಟೀದಿ."

ಆಮೇಲೆ ಒಗ್ಗರಣೆಗೆ ಕೊರತೆಯಾಗಲಿಲ್ಲ. ನೌಕೆ ಹೇಗೆ ಹಾರಿತು ಎಂದು ಯಾರೂ ಕೇಳಲಿಲ್ಲ. ಅದನ್ನೆಲ್ಲ ಅವರು ನಂಬಿದ್ದರು. ನಮ್ಮ ಮನೆಯಲ್ಲಿ ಬಂದವನಿಗೆ ನೀರು ಕೊಡಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ನಂಬಿದರು. ತೊಂದರೆ ಅದೇ ಆಯಿತು.

ಹೊರಗಿನ ಪ್ರೇಕ್ಷಕರು ಹೆಚ್ಚು ತಿಳಿದವರಿದ್ದಾರು ಎಂದು ಕೊಟ್ರೇಶ ಸಿನಿಮಾವನ್ನು ಯೂಟ್ಯೂಬಿಗೆ ಹಾಕಿದ. ಹಡಗಲಿಯ ಒಬ್ಬರು 'ಪ್ರಯತ್ನ ಚೆನ್ನಾಗಿದೆ, ಆದರೆ ಆ ತಾಯಿಗೆ ಕರುಣೆ ಬೇಕಿತ್ತು' ಎಂದು ಬರೆದರು. ಕೂಡ್ಲಿಗಿಯ ಕಡೆಯ ಒಬ್ಬರು ಇನ್ನೂ ಚುಟುಕಾಗಿ 'ನೀರು?' ಎಂದು ಬರೆದು ಬಿಟ್ಟರು. ಏನ್ ಬರದಾರ ಎಂದು ಅವ್ವ ಕೇಳಿದಾಗ, ಪ್ರಯತ್ನ ಚೆನ್ನಾಗಿದೆ ಎಂಬಲ್ಲಿಯವರೆಗೆ ಓದಿ ನಿಲ್ಲಿಸಿದೆ. ಅದರಿಂದ ಉಪಯೋಗವಾಗಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಯಾರೋ, "ಏನ್ ಹಾಲವ್ವ, ಒಂದು ಚೊಂಬು ನೀರಿಗೂ ಬಡತನ ಬಂತೇನು?" ಎಂದು ನಕ್ಕರಂತೆ. ನಗುತ್ತಲೇ ಅಂದದ್ದು. ಆದರೆ ಮಾರನೆಯ ವಾರ ಅವ್ವ ಜೋಳದ ಚೀಲವನ್ನು ನನ್ನ ಬೈಕಿನ ಮೇಲೆ ಇಟ್ಟು, "ಇನ್ನ ಗಿರಣಿಗೆ ನೀ ಹೋಗಿ ಬಾ" ಎಂದಳು.

ಅವ್ವ ಗಿರಣಿಗೆ ಹೋಗುವುದಿಲ್ಲವೆಂದರೆ ಅದು ಸಣ್ಣ ಮಾತಲ್ಲ. ನಾನು ಸಮಾಧಾನ ಮಾಡಲು ಕುಳಿತೆ. ಅದು ನಟನೆ, ನಿಜವಲ್ಲ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಪ್ಪ ಕುರಿ ಹೊಡಕೊಂಡು ಹೋದರ ತಿಂಗಳಾನಗಟ್ಲೆ ಬರತಿದ್ದಿಲ್ಲ. ಯಾವ ಅಡವ್ಯಾಗ ಅದಾನೋ ಏನೋ. ನಾ ಇಲ್ಲಿ ದಾರಿ ಹಿಡದು ಬಂದವ್ರಿಗೆ ನೀರು ಕೊಟ್ಟರ ಅವಂಗ ಅಲ್ಲಿ ಯಾರಾರ ಕೊಟ್ಟಾರು ಅಂತ ಕೊಡತಿದ್ದೆ. ತಲಿ ಮ್ಯಾಲೆ ಹೊರಿ ಇದ್ದರ ಮೊದಲ ಹೊರಿ ಇಳಿಸ್ತಿದ್ದೆ, ಆಮ್ಯಾಗ ನೀರು, ಆಮ್ಯಾಗ ಮಾತು. ಅವ ಹೋಗಿ ಇಷ್ಟು ವರ್ಷಾತು, ನಾ ಬಿಟ್ಟಿಲ್ಲ. ನೀ ಒಂದು ಸಿನಿಮಾ ಮಾಡಿ ಬಿಡಿಸಿದಿ."

ಎದ್ದು ಕೊಟ್ಟೂರಿಗೆ ಬೈಕು ಓಡಿಸಿದೆ. ಮತ್ತೆ ಶೂಟಿಂಗ್ ಮಾಡೋಣ ಎಂದು ಕೊಟ್ರೇಶನಿಗೆ ಹೇಳಿದೆ. ಆದರೆ ವಿಜ್ಞಾನದ ಪ್ರಶ್ನೆ ಹಾಗೇ ಇತ್ತು: ಕ್ಯಾನು ತೆಗೆಯದೆ ನೀರು ಕುಡಿಸುವುದು ಹೇಗೆ? ಕ್ಯಾನಿನ ಬಾಯಿ ಹನುಮಂತನ ನೆತ್ತಿಯ ಮೇಲಿತ್ತು. ಅದರ ಮುಚ್ಚಳ ಬಿಚ್ಚಿ ಮೇಲಿನಿಂದ ಸುರಿಯೋಣ ಎಂದು ಕೊಟ್ರೇಶ ಹೇಳಿದ. "ಲೇ, ಅದು ಕುಡಿಸೋದಲ್ಲ, ಎರಿಯೋದು" ಎಂದು ಹನುಮಂತ ಎದ್ದು ಹೊರಟ. ಕೊನೆಗೆ ಅವ್ವ ಚೊಂಬನ್ನು ಅವನ ಕೈಗೆ ಕೊಡುವುದು, ಅವನು ಹಿಡಿದುಕೊಂಡು ನಿಲ್ಲುವುದು ಎಂದು ಒಪ್ಪಂದ ಮಾಡಿದೆ. ವಾತಾವರಣಕ್ಕೂ ಧಕ್ಕೆಯಿಲ್ಲ, ಸಂಪ್ರದಾಯಕ್ಕೂ ಧಕ್ಕೆಯಿಲ್ಲ.

ಕ್ಯಾಮೆರಾ ಓಡತೊಡಗಿತು. ಹನುಮಂತ ಟ್ಯಾಂಕಿನಿಂದ ಇಳಿದು ಕೈ ಎತ್ತಿದ. ಅವ್ವ ನೇರ ಅವನ ಎದುರಿಗೆ ಹೋಗಿ, ಸಂತೆಯಿಂದ ಬಂದವರ ತಲೆಯ ಮೇಲಿನ ಬುಟ್ಟಿ ಇಳಿಸಿಕೊಳ್ಳುವ ಹಾಗೆ ಎರಡೂ ಕೈಯಿಂದ ಕ್ಯಾನು ಎತ್ತಿ, ಪಕ್ಕದ ಕಲ್ಲಿನ ಮೇಲೆ ಮೆಲ್ಲಗೆ ಇಟ್ಟಳು. ಚೊಂಬು ಕೊಟ್ಟಳು. ಹನುಮಂತ ತಲೆ ಹಿಂದಕ್ಕೆ ಮಾಡಿ ಗಟಗಟ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, ಅಚ್ಚ ನಮ್ಮೂರ ಕನ್ನಡದಲ್ಲಿ, "ಸಾಕವ್ವ, ಜೀವ ಬಂತು" ಎಂದ. ಅದಾದ ಮೇಲೆ ಅವ್ವ ಕೇಳಿದಳು: "ಯಾವೂರಪ್ಪ ನಿಂದು?"

ಕಟ್ ಎನ್ನುವುದನ್ನು ಮರೆತು ನೋಡುತ್ತ ನಿಂತೆ. ಆಮೇಲೆ ಇನ್ನೊಮ್ಮೆ, ಕ್ಯಾನು ಇರಲಿ, ಕನ್ನಡ ಬೇಡ ಎಂದು ಕೇಳಿದೆ. ಅವ್ವ ಒಪ್ಪಲಿಲ್ಲ. "ಕುಡದು ಸಾಕು ಅಂದವಂಗ ಮತ್ತ ಕುಡಿ ಅಂತೀಯೇನು?"

ಎರಡನೇ ಪ್ರದರ್ಶನ ಅದೇ ಗುಡಿಯ ಮುಂದೆ ನಡೆಯಿತು. ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ: ಅವನ ಗ್ರಹದಲ್ಲೂ ಆಮ್ಲಜನಕ ಉಂಟು, ಕನ್ನಡವನ್ನು ಅವನು ರೇಡಿಯೋ ತರಂಗಗಳ ಮೂಲಕ ಕಲಿತ, ಇತ್ಯಾದಿ. ಯಾರೂ ಕೇಳಲಿಲ್ಲ. ಅವ್ವ ಕ್ಯಾನು ಇಳಿಸಿದಾಗ ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆ ಹನುಮಂತ ಚೊಂಬು ಖಾಲಿ ಮಾಡುವವರೆಗೂ ನಿಲ್ಲಲಿಲ್ಲ. ಸಿದ್ದಪ್ಪಜ್ಜ ಮಾತ್ರ ಗಡ್ಡ ಕೆರೆದುಕೊಂಡು, "ಈಗ ಖರೇ ಅನ್ನಿಸ್ತು ನೋಡು. ಹಾಂಗಾರ ಮ್ಯಾಲೆ ಅವರ ಊರಾಗೂ ನೀರಿನ ತ್ರಾಸ ಐತಿ ಅನ್ನು" ಎಂದರು. ಅವ್ವ ಮರುದಿನ ಜೋಳದ ಚೀಲ ತಾನೇ ಎತ್ತಿಕೊಂಡು ಗಿರಣಿಗೆ ಹೋದಳು. ಹೋದವಳು ಹಿಟ್ಟಾದ ಮೇಲೂ ಎಷ್ಟೋ ಹೊತ್ತು ಬರಲಿಲ್ಲ.

ಅಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆಗೂ ಒಳ್ಳೆಯದಿತ್ತು. ಆದರೆ ಕಳೆದ ಭಾನುವಾರ ಮಧ್ಯಾಹ್ನ, ಹರಪನಹಳ್ಳಿ ಕಡೆಯ ಒಬ್ಬ ಮೇಷ್ಟ್ರು ಬೈಕಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಇನ್ನೂ ಹೆಲ್ಮೆಟ್ಟು ತೆಗೆದಿರಲಿಲ್ಲ, "ನಿಮ್ಮ ಸಿನಿಮಾನ ನಮ್ಮ ಶಾಲಿ ಮಕ್ಕಳಿಗೆ ತೋರಸ್ಬೇಕಂತ" ಎಂದರು. ಹರಪನಹಳ್ಳಿಯಿಂದ! ನಾನು ಬಾಗಿಲಲ್ಲೇ ನಿಂತು ಶುರುಮಾಡಿದೆ. ಪೂರ್ತಿ ನೋಡಿದ್ರಾ, ಯಾವ ದೃಶ್ಯ ಹಿಡಿಸಿತು, ವೇಗದ ಲೆಕ್ಕ ಸರಿ ಅನ್ನಿಸಿತೇ, ವಿಜ್ಞಾನಿಯ ಪಾತ್ರದ ಬಗ್ಗೆ ನಿಮ್ಮ ಅಭಿಪ್ರಾಯವೇನು, ಮುಚ್ಚುಮರೆಯಿಲ್ಲದೆ ಹೇಳಿರಿ. ಅವರು ಹೆಲ್ಮೆಟ್ಟಿನ ಒಳಗಿಂದ ಏನೋ ಹೇಳುತ್ತಿದ್ದರು. ಸರಿಯಾಗಿ ಕೇಳಿಸದ್ದರಿಂದ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೇಳಿದೆ. ಬಿಸಿಲು ನೆತ್ತಿಯ ಮೇಲೆ ಸುಡುತ್ತಿತ್ತು. ನಾನು ನೆರಳಿನಲ್ಲಿದ್ದೆ.

ಅವ್ವ ಚೊಂಬು ಹಿಡಿದು ಒಳಗಿಂದ ಬಂದು, ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಮೊದಲ ತಲಿ ಮ್ಯಾಲಿಂದು ಇಳಿಸ್ರಿ ಯಪ್ಪಾ. ನೀರು ಕುಡೀರಿ" ಎಂದಳು. ಅವರು ಕುಡಿದು ಮುಗಿಸುವವರೆಗೆ ಕಾಯ್ದು, ನನ್ನ ಕಡೆ ನೋಡಿ, ಸಕ್ಕರೆ ಹಂಚಿದ ದಿನದ ಅದೇ ಹೆಮ್ಮೆಯ ದನಿಯಲ್ಲಿ ಅವರಿಗೆ ಹೇಳಿದಳು: "ತಪ್ಪು ತಿಳೀಬ್ಯಾಡ್ರಿ. ನಮ್ಮ ಹುಡುಗ ಭಾಳ ಓದ್ಯಾನ. ಏನ ಇದ್ದರೂ ಎರಡನೇ ಸಲಕ್ಕ ಬರೋಬ್ಬರಿ ಮಾಡ್ತಾನ."