ಹೊಳೆಯಪ್ಪನ ಹೆಸರಿನ ಡ್ರಮ್ಮು

ಮೂವತ್ತು ವರ್ಷ ತಗಡು ಬಡಿದರೂ ಹೊಳೆಯಪ್ಪನ ಹೆಸರು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಡಬ್ಬಿಯ ಮೇಲೂ ಇರಲಿಲ್ಲ. ಅವನು ಮಾಡಿದ ಡಬ್ಬಿ, ಕೊಡ, ಹಾಲಿನ ಕ್ಯಾನುಗಳ ಮೇಲೆಲ್ಲ ಕೊಂಡವರ ಹೆಸರು, ಇಲ್ಲವೇ ಅವರ ತೀರಿಹೋದ ತಂದೆಯ ಹೆಸರು. (ಸತ್ತವರಿಗಿದ್ದ ಮರ್ಯಾದೆ ಮಾಡಿದವನಿಗಿಲ್ಲ.) ಹೀಗಾಗಿ ಬ್ಯಾಂಡಿನ ಪರಮೇಶ ಮಾಸ್ತರರು ತಮಗೊಂದು ಹಿತ್ತಾಳೆಯ ಸೈಡ್ ಡ್ರಮ್ಮು ಬೇಕು, ಕೈಯಿಂದಲೇ ಮಾಡಿಕೊಡು ಎಂದ ದಿನ ಅವನು ಹೆಂಡತಿಯ ಮುಂದೆ ಘೋಷಿಸಿಬಿಟ್ಟ.

"ಈ ಸಲ ನನ್ನ ಹೆಸರ ಹಾಕೂದ. ಮೆರವಣಿಗಿ ಮಂದಿ ಎಲ್ಲಾ ಓದಬೇಕು."

ಹೆಂಡತಿ ಶೇವಂತೆವ್ವ ಭಾಂಡೆ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಚುಚ್ಚುವವಳು. ಕಲಿತದ್ದು ಎರಡನೇ ಇಯತ್ತೆ. ಆದರೆ ಒಂದು ಚುಕ್ಕಿ ತಪ್ಪಿದವಳಲ್ಲ. ಡ್ರಮ್ಮಾಗಬೇಕಿದ್ದ ಚಪ್ಪಟೆ ತಗಡಿಗೆ ದಾರ ಹಿಡಿದು, ನಡು ಅಳೆದು, ಒಂದಿಡೀ ಮುಂಜಾನೆ ಕೂತು ಬೆರಳುದ್ದದ ಅಕ್ಷರಗಳಲ್ಲಿ 'ಹೊಳೆಯಪ್ಪ' ಎಂದು ಚುಚ್ಚಿದಳು.

"ಇನ್ನೊಂದೀಟು ದೊಡ್ಡದ ಮಾಡಬೇಕಿತ್ತ."

"ಇನ್ನೂ ದೊಡ್ಡದ ಮಾಡಿದ್ರ 'ಹೊಳೆ' ಹುಬ್ಬಳ್ಳ್ಯಾಗ, 'ಯಪ್ಪ' ಧಾರವಾಡದಾಗ ಬೀಳ್ತೈತ್ರಿ."

ಹೊಳೆಯಪ್ಪ ತಗಡನ್ನು ಎತ್ತಿಕೊಂಡ. ಹೆಸರಿಗೆ ಸುತ್ತಿಗೆಯ ಒಂದು ಪೆಟ್ಟೂ ತಾಗಬಾರದು! ಆದ್ದರಿಂದ ಹೆಸರಿನ ಮೈಯನ್ನು ಕೆಳಗೆ ಮಾಡಿ ದಪ್ಪ ಪೈಪಿನ ಮೇಲೆ ಮಲಗಿಸಿ, ಕಟ್ಟಿಗೆ ಸುತ್ತಿಗೆಯಿಂದ ತಟ್ಟುತ್ತ ಪೈಪಿನ ಸುತ್ತ ಬಗ್ಗಿಸತೊಡಗಿದ.

"ಅಲ್ರೀ, ಚೂರ ತಡೀರಿ..."

"ತಗಡಿನ ವಿಷಯದಾಗ ನನಗ ಶಾಣ್ಯಾತನ ಹೇಳಬ್ಯಾಡ. ನೀನ ತಡಿ."

ಶೇವಂತೆವ್ವ ತಡೆದಳು. ಬಡಿದು ಮುಗಿಯುವ ತನಕ ತಡೆದಳು. ಬೆಸುಗೆ ಹಾಕಿ, ಅದು ಆರುವ ತನಕವೂ ತಡೆದಳು.

ಹೊಳೆಯಪ್ಪ ಡ್ರಮ್ಮನ್ನು ಮೂರು ಸುತ್ತು ತಿರುಗಿಸಿದ. ಹೊರಮೈಯಲ್ಲಿ ಬೆವರುಸಾಲೆಯಂಥ ಚುಕ್ಕಿಗಳು ಮಾತ್ರ.

"ಏ ಇಕಿನ, ನನ್ನ ಹೆಸರೆಲ್ಲಿ ಹೋತ?"

"ಒಳಗ ಇಣಿಕಿ ನೋಡ್ರಿ. ಒಂದೂ ಪೆಟ್ಟ ಬಿದ್ದಿಲ್ಲ."

ಬೆಸುಗೆ ಬಿಡಿಸೋಣವೆಂದರೆ ಮಾಸ್ತರರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಸಂಜೆ ದೇಶಪಾಂಡೆ ನಗರದಲ್ಲಿ ಮದುವೆಯ ಮೆರವಣಿಗೆ. ಮೇಲೆ ಕೆಳಗೆ ಬಿಳಿ ಪ್ಲಾಸ್ಟಿಕ್ ಹಾಳೆ ಬಿಗಿದು, ಕೆಳಗಿನ ಹಾಳೆಗೆ ತಂತಿ ಕಟ್ಟಿ ಬಾರಿಸಿದರೆ ಝರ್ರೆಂಬ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು.

"ಏನ ದನಿಯಪಾ ಹೊಳೆಯಪ್ಪ! ಈ ಚುಕ್ಕಿ ನಕ್ಷಿನೂ ಛಲೋ ಐತಿ."

"ನಕ್ಷಿ ಅಲ್ರೀ ಮಾಸ್ತರ... ನನ್ನ ಹೆಸರ್ರಿ ಅದು. ಒಳಗೈತಿ. ಹಾಳಿ ತಗದ್ರ ಕಾಣ್ತೈತಿ."

"ಹೌದೇನು? ಹಾಳಿ ಹರದಾಗ ಓದೂಣು ತಗೋ," ಎಂದವರೇ ಮಾಸ್ತರರು ಡ್ರಮ್ಮನ್ನು ಹೆಗಲಿಗೇರಿಸಿ ನಡೆದರು.

ಅಂದಿನಿಂದ ಹೊಳೆಯಪ್ಪ ವಾರವಾರವೂ ಗುಡಿಗೆ ಹೋಗುತ್ತಾನೆ. ತನ್ನ ಕೈಯಾರೆ ಮಾಡಿದ ಡ್ರಮ್ಮಿನ ಹಾಳೆ ಆದಷ್ಟು ಬೇಗ ಹರಿಯಲಿ ಎಂದು ಭಕ್ತಿಯಿಂದ ಕಾಯಿ ಒಡೆಸಿ ಬರುತ್ತಾನೆ.