ತಪ್ಪಿತಸ್ಥರ ಹೆಸರು ಕೇಳುವ ಪೆಟ್ಟಿಗೆಗೆ

ಮಾನ್ಯ ಘಟನಾ ವರದಿ ಪೆಟ್ಟಿಗೆಯವರೇ,

ಮಹಿಳಾ ವಾರ್ಡಿನ ಬಾಗಿಲ ಬಳಿ, ಅಧೀಕ್ಷಕರ ಕಿಟಕಿಗೆ ಎದುರಾಗಿ, ಕ್ಯಾಮೆರಾದ ಕೆಳಗೆ ‘ಗುಟ್ಟಾಗಿ ತಿಳಿಸಿ’ ಎಂಬ ಫಲಕ ಹೊತ್ತು ನಿಂತಿರುವ ತಮಗೆ ಸ್ಟಾಫ್ ನರ್ಸ್ ಮೋಹಿನಿಯ ಸವಿನಯ ವಂದನೆಗಳು. ಮೂರು ವರ್ಷ ಒಂದು ಚೀಟಿಯನ್ನೂ ಮುಟ್ಟದ ತಮ್ಮ ಉಪವಾಸ ವ್ರತವನ್ನು ಕೆಡಿಸಿದವಳು ನಾನೇ ಆದ್ದರಿಂದ ಮೊದಲಿಗೆ ಕ್ಷಮೆ ಕೋರುತ್ತೇನೆ.

ವಾರ್ಡಿನಲ್ಲಿ ಇಬ್ಬರು ಸೇಸಮ್ಮಂದಿರಿದ್ದರು. ಸಕ್ಕರೆ ಕಾಯಿಲೆಗೆ ಸೇರಿದವರು ನಾರಾವಿಯವರು, ಕಾಲು ಮುರಿದುಕೊಂಡವರು ತೋಡಾರಿನವರು. ಊಟಕ್ಕೆ ಮೊದಲು ಇನ್ಸುಲಿನ್ ಹಿಡಿದು ಹೋದ ನಾನು, ನಾರಾವಿಯ ಸೇಸಮ್ಮ ನೀವೇ ಅಲ್ಲವೇ ಎಂದು ಕೇಳಿದೆ. ತೋಡಾರಿನವರು ‘ಅಂದ್’ ಎಂದರು. ತುಳುವಿನಲ್ಲಿ ಹಾಗೆಂದರೆ ಹೌದು. ನಾನು ಅವರಿಗೇ ಚುಚ್ಚಿಬಿಟ್ಟೆ. ಬಿಳಿ ಉಡುಪಿನವರು ಏನು ಕೇಳಿದರೂ ನಮ್ಮವರು ಮರ್ಯಾದೆಗೆ ‘ಅಂದ್’ ಎನ್ನುತ್ತಾರೆಂಬುದು ತುಳುವಳಾದ ನನಗೇ ಮರೆತುಹೋಗಿತ್ತು. ಅವರು ಬೆವರಿ ತೊದಲತೊಡಗಿದಾಗ ನಾನು ಹೆದರಿದಷ್ಟು ಹಿಂದೆಂದೂ ಹೆದರಿರಲಿಲ್ಲ. ಗ್ಲೂಕೋಸ್ ಏರಿಸಿದ ಮೇಲೆ ಉಳಿದರು.

‘ಹುಷಾರಾದರಲ್ಲ, ಇನ್ನು ಬರೆಯಲಿಕ್ಕೆ ಹೋಗ್ಬೇಡ ಮಾರಾಯ್ತಿ’ ಎಂದಳು ಜೊತೆಯವಳು. ನಾನು ಬರೆದೆ. ತಮ್ಮ ನಮೂನೆಯ ಮೊದಲ ಕಾಲಂ ‘ತಪ್ಪಿತಸ್ಥರ ಹೆಸರು’, ಎರಡನೆಯದು ‘ಕೈಗೊಳ್ಳಬೇಕಾದ ಕ್ರಮ’. ಮತ್ತೆ ಹೀಗಾಗದಿರಲು ಏನು ಮಾಡಬೇಕೆಂದು ಬರೆಯಲು ಜಾಗವೇ ಇರಲಿಲ್ಲ. ರೋಗಿಗಳ ಕೈಗೆ ಹೆಸರಿನ ಪಟ್ಟಿ ಕಟ್ಟಬೇಕು, ಹೆಸರು, ಊರು ಅವರ ಬಾಯಿಂದಲೇ ಹೇಳಿಸಬೇಕು ಎಂದು ಹಾಳೆಯ ಹಿಂಬದಿಯಲ್ಲಿ ಬರೆದೆ. ಎರಡು ವರ್ಷದಿಂದ ಕೇಳುತ್ತಿರುವ ಕೈಪಟ್ಟಿ ಇನ್ನೂ ಬಂದಿಲ್ಲ, ಆದರೆ ಕೆಲಸದಿಂದ ಏಕೆ ತೆಗೆಯಬಾರದೆಂದು ಕೇಳುವ ನೋಟಿಸು ಮೂರೇ ದಿನದಲ್ಲಿ ಬಂತು. ಇಂಥ ಚುರುಕು ನಮ್ಮ ಆಂಬುಲೆನ್ಸಿಗೂ ಇಲ್ಲ.

ಅಂದಿನಿಂದ ವಾರ್ಡಿನಲ್ಲಿ ತಪ್ಪುಗಳೇ ನಡೆಯುತ್ತಿಲ್ಲ. ಮೊನ್ನೆ ಡ್ರಿಪ್ ಬಾಟಲಿ ಅದಲುಬದಲಾದಾಗ ನಾವೆಲ್ಲ ಮುಖ ಮುಖ ನೋಡಿಕೊಂಡು, ಸರಿಪಡಿಸಿ, ಚಹಾ ಕುಡಿಯಲು ಹೋದೆವು. ‘ಶೂನ್ಯ ತಪ್ಪಿನ ವಾರ್ಡ್’ ಎಂಬ ಪ್ರಶಸ್ತಿಪತ್ರಕ್ಕೆ ಗೋಡೆಯಲ್ಲಿ ಮೊಳೆ ಹೊಡೆದಾಗಿದೆ. ಆದ್ದರಿಂದ ತಾವು ದಯಮಾಡಿ ಒಂದೇ ಹೆಸರಿನ ಇಬ್ಬರು ಒಟ್ಟಿಗೆ ಕಾಯಿಲೆ ಬೀಳದಂತೆ ಆದೇಶ ಹೊರಡಿಸಬೇಕು, ಅದಾಗದಿದ್ದರೆ ತಮ್ಮ ಬಾಯಿಗೆ ವೆಲ್ಡಿಂಗ್ ಮಾಡಿಸಿಕೊಳ್ಳಬೇಕು.

ತಮ್ಮ ಬೀಗದ ಮೇಲೆ ಒಮ್ಮೆ ವಿಶ್ವಾಸವಿಟ್ಟಿದ್ದ,
ಮೋಹಿನಿ

ತಾ.ಕ.: ನಾಳೆ ನನ್ನ ವಿಚಾರಣೆ. ಇಂದು ಮತ್ತೊಬ್ಬ ನರ್ಸ್ ಇನ್ಸುಲಿನ್ ಹಿಡಿದು ನಾರಾವಿಯ ಸೇಸಮ್ಮನನ್ನು ಹುಡುಕುತ್ತ ಬಂದಳು. ‘ಅಂದ್’ ಎಂದ ರೋಗಿಯ ಹೆಸರು ಕಾಂತಿ. ಸೂಜಿ ಚುಚ್ಚುವ ಮೊದಲೇ ನಾನು ಕೈ ಹಿಡಿದು ನಿಲ್ಲಿಸಿದೆ. ಆ ನರ್ಸಿನ ಹೆಸರು ಮಾತ್ರ ಕೇಳಬೇಡಿ, ಅವಳಿಗೆ ಕೆಲಸ ಬೇಕು.