ಗವರ್ನರ್ ಕುರ್ಚಿಯ ಪಕ್ಕದಲ್ಲಿ

ನಾಟಕ ಅಂದಮೇಲೆ ಎಡವಟ್ಟು ಇದ್ದಿದ್ದೇ. ನನ್ನ ಹಣೆಬರಹಕ್ಕೆ ಎಲ್ಲಾ ಎಡವಟ್ಟೂ ಒಂದೇ ಕುರ್ಚಿಯ ಸುತ್ತ ಆಗಿವೆ. ತ್ಯಾಗರಾಜನಗರದ ನಮ್ಮ ಹವ್ಯಾಸಿ ತಂಡ ವರ್ಷವರ್ಷವೂ ಅದೇ ನಾಟಕ ಆಡುತ್ತೆ. ಬ್ರಿಟಿಷರ ಕಾಲ, ಹೊಸ ಗವರ್ನರ್ ಹಡಗಿಳಿದು ಬರ್ತಾನೆ. ಅವನಿಗೆ ಅಡುಗೆಯವನಿಂದ ಹಿಡಿದು ದುಭಾಷಿಯವರೆಗೂ ಜನ ಹೊಂದಿಸಿ, ಕಿವೀಲಿ ಸಲಹೆ ಕೊಡೋನು ಕಾರ್ಯದರ್ಶಿ. ಆ ಕಾರ್ಯದರ್ಶಿ ಯಾವಾಗಲೂ ನಾನೇ. ಒಂದೇ ಒಂದು ಸಲ ಆ ಕುರ್ಚೀಲಿ ಕೂರಬೇಕು ಅನ್ನೋ ಆಸೆ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೀಸೆ

ಮೊದಲ ಗವರ್ನರ್ ರಿಟೈರ್ಡ್ ಮೇಷ್ಟ್ರು. ಮಾತು ಮರೆಯೋರು, ನಾನು ಪಿಸುಗುಟ್ಟಿದ್ದನ್ನೇ ಗಟ್ಟಿಯಾಗಿ ಹೇಳೋರು. ಒಂದಿನ ಅವರ ಅಂಟಿಸಿದ ಮೀಸೆ ಜೋತುಬಿತ್ತು. "ಮೀಸೆ ಬೀಳ್ತಿದೆ, ಹಿಡ್ಕೊಳ್ಳಿ" ಅಂದೆ ಮೆಲ್ಲಗೆ. ಅವರು ಎದೆಯುಬ್ಬಿಸಿ, "ಮೀಸೆ ಬೀಳ್ತಿದೆ, ಹಿಡ್ಕೊಳ್ಳಿ!" ಅಂತ ಗುಡುಗಿದರು. ರಂಗದ ಮೇಲಿದ್ದ ಅಧಿಕಾರಿಗಳೆಲ್ಲ ಗಾಬರಿಯಾಗಿ ತಮ್ಮ ತಮ್ಮ ಮೀಸೆ ಹಿಡ್ಕೊಂಡರು.

ಹಡಗು

ಆಮೇಲಿನ ಗವರ್ನರ್ ಸಾರಕ್ಕೀಲಿ ಮನೆಗಳನ್ನ ಬಾಡಿಗೆಗೆ ಕೊಟ್ಟಿರೋ ಓನರ್. ತೇಗದ ಕುರ್ಚಿ ಅವರದು, ಹಾಗಾಗಿ ಪಾತ್ರವೂ ಅವರದೇ. ಒಂದು ಪ್ರದರ್ಶನಕ್ಕೆ ಕುರ್ಚಿ ಬಂತು, ಅವರು ಬರಲಿಲ್ಲ, ಟ್ರಾಫಿಕ್. ತೆರೆ ಎದ್ದಾಗಿತ್ತು. ಖಾಲಿ ಕುರ್ಚಿ ಪಕ್ಕ ನಿಂತು, "ಪ್ರಭುಗಳ ಹಡಗು ಇನ್ನೂ ಸಮುದ್ರದಲ್ಲಿದೆ" ಅಂತ ಎಳೆದೆ, ಎಳೆದೆ. ಕೊನೆಗೆ ಪ್ರಭುಗಳು ಹೆಲ್ಮೆಟ್ ಸಮೇತ ಓಡಿ ಬಂದರು. ಹಿಂದಿನ ಸಾಲಿಂದ ಯಾರೋ, "ಹಡಗು ಸಾರಕ್ಕಿ ಸಿಗ್ನಲ್ಲಲ್ಲಿ ಸಿಕ್ಹಾಕೊಂಡಿತ್ತಾ ಗುರು?" ಅಂದ.

ಮನೇಲಿ ಹೆಂಡತಿ, "ಕುರ್ಚಿ ಖಾಲಿ ಇತ್ತಲ್ರೀ, ಕೂತ್ಕೋಬಾರ್ದಿತ್ತಾ?" ಅಂದಳು.

"ಕಾರ್ಯದರ್ಶಿ ಎಲ್ಲಾದ್ರೂ ಕೂರ್ತಾನೇನೇ?" ಅಂದೆ.

ಕುರ್ಚಿ

ಕಳೆದ ಸಲ ಓನರ್ ಮಂಡಿನೋವು ಅಂದರು. ನಿರ್ದೇಶಕರು ನನ್ನ ಕಡೆ ತಿರುಗಿ, "ಈ ಸಲ ನೀವೇ ಗವರ್ನರ್" ಅಂದರು. ಹೆಂಡತಿ ರೇಷ್ಮೆ ಸೀರೆ ಉಟ್ಟು, ಗಿರಿನಗರದ ತಂಗೀನೂ ಕರ್ಕೊಂಡು ಮುಂದಿನ ಸಾಲಲ್ಲಿ ಕೂತಳು.

ಕಹಳೆ ಮೊಳಗಿತು. ಗತ್ತಿನಿಂದ ನಡೆದು ಬಂದೆ. ಕುರ್ಚಿ ಹತ್ರ ಬಂದಾಗ ಕಾಲು ತಾನಾಗೇ ಪಕ್ಕಕ್ಕೆ ಹೋಯ್ತು. ಬಗ್ಗಿ, ಕೈ ಚಾಚಿ, "ದಯಮಾಡಿಸಬೇಕು ಪ್ರಭುಗಳು" ಅಂದುಬಿಟ್ಟೆ! ನನ್ನ ಜಾಗಕ್ಕೆ ಬಂದಿದ್ದ ಹೊಸ ಕಾರ್ಯದರ್ಶಿ ಆಚೀಚೆ ನೋಡಿ, ಬೇರೆ ದಾರಿ ಕಾಣದೆ ಕೂತರು. ಗವರ್ನರ್ ಮಾತು ಅವರಿಗೆ ಎಲ್ಲಿ ಬರಬೇಕು? ನಾಟಕ ಪೂರ್ತಿ ನಾನೇ ಕಿವೀಲಿ ಹೇಳಿಕೊಟ್ಟೆ. ಚಪ್ಪಾಳೆ ಅವರಿಗೆ ಬಿತ್ತು. ನನಗೆ ಅಳು ಬರೋದೊಂದು ಬಾಕಿ.

ಮನೆಗೆ ಬಂದು, "ನಿಂಗೋಸ್ಕರನಾದ್ರೂ ಒಂದ್ಸಲ ಕೂರಬೇಕಿತ್ತು ಕಣೇ" ಅಂದೆ. ಅವಳು ಊಟದ ಮೇಜಿನ ಕುರ್ಚಿ ಎಳೆದು, ಬಗ್ಗಿ, "ದಯಮಾಡಿಸಬೇಕು ಪ್ರಭುಗಳು" ಅಂದಳು.

ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತೇ ಇದ್ದೆ.

"ನಿಮಗೇ ರೀ ಹೇಳಿದ್ದು, ಕೂತ್ಕೊಳ್ಳಿ! ಸಾರು ಆರಿಹೋಗ್ತಿದೆ" ಅಂತ ಗದರಿದಳು.